ಭಟ್ಟಿಗೆ ಬೆಂಕಿ ಹಚ್ಚುವ ಮೊದಲು

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನಾನು ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಒಬ್ಬ ಕಾರ್ಮಿಕ ಹೊರಗಿನ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದ. ವಯಸ್ಸು ಮೂವತ್ತೈದರ ಆಸುಪಾಸು. ಸುಣ್ಣದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಗಿದೆ, ಕೈಕಾಲಲ್ಲಿ ಶಕ್ತಿಯೇ ಇಲ್ಲ ಎಂದ. ಜ್ವರ ಇರಲಿಲ್ಲ. ರಕ್ತದೊತ್ತಡ ಸರಿಯಾಗಿತ್ತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಶೇಕಡಾ 98 ತೋರಿಸಿತು. ನಿದ್ದೆಗೇಡಿನಿಂದ ಪಿತ್ತ ಕೆರಳಿದೆ ಎಂದುಕೊಂಡು ಎರಡು ಬಗೆಯ ಮಾತ್ರೆ ಬರೆದುಕೊಟ್ಟೆ. “ಮನೆಗೆ ಹೋಗಿ ಮಲಗು. ಬೇಕಾದರೆ ರಾತ್ರಿ ಪಾಳಿಗೆ ಹೋಗಬಹುದು” ಎಂದೂ ಹೇಳಿ ಕಳಿಸಿದೆ.

ಮಧ್ಯಾಹ್ನ ಅದೇ ಕಾರ್ಖಾನೆಯ ಇನ್ನೊಬ್ಬನನ್ನು ಜೊತೆಗಾರರು ಆಟೋದಲ್ಲಿ ಕರೆತಂದರು. ಅದೇ ತಲೆನೋವು, ಅದೇ ವಾಂತಿ. ಆದರೆ ಈತನ ಮಾತು ತೊದಲುತ್ತಿತ್ತು, ನಿಂತರೆ ಓಲಾಡುತ್ತಿದ್ದ. ಆಗ ನನಗೆ ಹೊಳೆಯಿತು. “ಇವನು ಎಲ್ಲಿ ಕೂತಿದ್ದ?” ಎಂದು ಕೇಳಿದೆ.

“ಭಟ್ಟಿ ಮ್ಯಾಲಿನ ಕಟ್ಟಿ ಮ್ಯಾಗರೀ ಸಾಹೇಬರ. ಹೊಸದಾಗಿ ಬೆಂಕಿ ಹಾಕ್ಯಾರ. ಥಂಡಿಗೆ ಅಲ್ಲಿ ಬೆಚ್ಚಗಿರತೈತಿ. ರಾತ್ರಿ ಪಾಳಿಯವ್ರೂ ಅಲ್ಲೇ ಕೂಡ್ತಾರ್ರಿ.”

ನನ್ನ ಎದೆ ಧಸಕ್ಕೆಂದಿತು. ಆತನಿಗೆ ಆಮ್ಲಜನಕ ಕೊಡುತ್ತಲೇ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿದೆ. ಬೆಳಗಿನ ರೋಗಿಯ ಮನೆಗೆ ಕಾಂಪೌಂಡರನನ್ನು ಓಡಿಸಿದೆ. ಅವನು ಹೋದಾಗ ಆತ ಎದ್ದು ಮುಖ ತೊಳೆಯುತ್ತಿದ್ದ, ಹೆಂಡತಿ ರಾತ್ರಿ ಪಾಳಿಗೆ ಬುತ್ತಿ ಕಟ್ಟುತ್ತಿದ್ದಳು. ತಲೆನೋವು ಕಡಿಮೆಯಾಗಿದೆ, ಡಾಕ್ಟರರೇ ಹೋಗು ಅಂದಿದ್ದಾರೆ ಎಂದನಂತೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಇಂಗಾಲದ ಮಾನಾಕ್ಸೈಡ್ ಅನಿಲದ ವಿಷ ಎಂಬುದು ಖಚಿತವಾಯಿತು. ಇಬ್ಬರೂ ಉಳಿದರು. ಆದರೆ ಆ ಮೊದಲನೆಯವನು ಮತ್ತೊಂದು ರಾತ್ರಿ ಅದೇ ಕಟ್ಟೆಯ ಮೇಲೆ ಮಲಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತದೆ.

ಆರೋಗ್ಯದ ಅಂಕಣದಲ್ಲಿ ಕಾರ್ಖಾನೆಯ ಭಟ್ಟಿಯ ಮಾತೇಕೆ ಎಂದು ನೀವು ಕೇಳಬಹುದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರಲ್ಲಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಒಂದು ಪುಸ್ತಕ ಬರೆದ. ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬು ಯಾವುದು?’ ಎಂಬ ಪ್ರಶ್ನೆಯನ್ನೂ ಸೇರಿಸಬೇಕು ಎಂದು ಅದರಲ್ಲಿ ಹೇಳಿದ. ಸುಣ್ಣದ ಕೆಲಸಗಾರರ ಕಾಯಿಲೆಗಳನ್ನೂ ಬಿಡದೆ ಬರೆದ. ಅಂದು ಬೆಳಿಗ್ಗೆ ಆ ಒಂದು ಪ್ರಶ್ನೆಯನ್ನು ನಾನು ಪೂರ್ತಿ ಕೇಳಲಿಲ್ಲ. ಆ ತಪ್ಪಿನ ನಂತರ ಭಟ್ಟಿಯ ಬಗ್ಗೆ ಅಲ್ಲಿನ ಎಂಜಿನಿಯರುಗಳಿಂದ ಕೇಳಿ ಕಲಿತದ್ದನ್ನು, ವೈದ್ಯನಾಗಿ ಕಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸುಣ್ಣ ಹೇಗೆ ಸುಡುತ್ತದೆ?

ಸುಣ್ಣ ಬೇಡವಾದ ಮನೆಯಿಲ್ಲ. ಎಲೆ ಅಡಿಕೆಗೆ, ಗೋಡೆಗೆ ಮಾತ್ರವಲ್ಲ, ನಾವು ತಿನ್ನುವ ಸಕ್ಕರೆಗೆ, ಬರೆಯುವ ಕಾಗದಕ್ಕೆ, ಉಕ್ಕಿಗೆ, ಕುಡಿಯುವ ನೀರಿನ ಶುದ್ಧೀಕರಣಕ್ಕೂ ಸುಣ್ಣ ಬೇಕು. ನಮ್ಮ ಕರಾವಳಿಯಲ್ಲಿ ಹಿಂದಿನಿಂದ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಣ್ಣದಕಲ್ಲು ಹೇರಳವಾಗಿರುವ ಬಾಗಲಕೋಟೆ, ಲೋಕಾಪುರದ ಸೀಮೆಯಲ್ಲಿ ಕಲ್ಲನ್ನೇ ಸುಡುತ್ತಾರೆ.

ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಬಿದ್ದು ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ 56 ಕಿಲೋ ಸುಣ್ಣ ಸಿಗುತ್ತದೆ, 44 ಕಿಲೋ ಅನಿಲವಾಗಿ ಹೋಗುತ್ತದೆ. ಉರುವಲಿನ ಹೊಗೆ ಬೇರೆ. ಹೀಗಾಗಿ ಸುಣ್ಣದ ಭಟ್ಟಿಯೆಂದರೆ ಹಗಲು ರಾತ್ರಿ ಅನಿಲ ಬಿಡುತ್ತಲೇ ಇರುವ ಯಂತ್ರ.

ಕಾರ್ಖಾನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಭಟ್ಟಿಗಳಿವೆ. ಒಂದು, ಬಾವಿಯನ್ನು ನೆಲದ ಮೇಲೆ ಎತ್ತಿ ನಿಲ್ಲಿಸಿದಂತಿರುವ ನೇರ ಭಟ್ಟಿ. ಮೇಲಿನಿಂದ ಕಲ್ಲು ಹಾಕುತ್ತಾರೆ, ಕೆಳಗಿನಿಂದ ಸುಣ್ಣ ತೆಗೆಯುತ್ತಾರೆ. ಇನ್ನೊಂದು, ಸ್ವಲ್ಪ ಓರೆಯಾಗಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ. ಇದು ನಿಧಾನವಾಗಿ ತಿರುಗುತ್ತಿರುತ್ತದೆ. ಎರಡರ ಒಳಮೈಗೂ ಬೆಂಕಿ ತಡೆಯುವ ಇಟ್ಟಿಗೆಯ ಅಥವಾ ಗಾರೆಯ ಕವಚವಿರುತ್ತದೆ. ಒಮ್ಮೆ ಹಚ್ಚಿದ ಭಟ್ಟಿಯನ್ನು ಸುಮ್ಮಸುಮ್ಮನೆ ಆರಿಸುವುದಿಲ್ಲ. ಇಟ್ಟಿಗೆ ಬದಲಿಸಲು, ದುರಸ್ತಿ ಮಾಡಲು ಮಾತ್ರ ನಿಲ್ಲಿಸುತ್ತಾರೆ. ಮತ್ತೆ ಹಚ್ಚಿ ಕಾಯಿಸುವ ಆ ಕೆಲವು ದಿನಗಳೇ ಬಹಳ ಅಪಾಯದ ದಿನಗಳು.

ಹಸಿ ಒಲೆಯ ಪಾಠ

ಹೊಸದಾಗಿ ಹಾಕಿದ ಮಣ್ಣಿನ ಒಲೆಗೆ ನಿಮ್ಮ ಅಜ್ಜಿ ಒಮ್ಮೆಲೇ ದೊಡ್ಡ ಉರಿ ಹಾಕುತ್ತಿರಲಿಲ್ಲ. ಮೊದಲು ನೆರಳಲ್ಲಿ ಒಣಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಹದಮಾಡುತ್ತಿದ್ದರು. ಇಲ್ಲದಿದ್ದರೆ ಒಲೆ ಬಿರಿಯುತ್ತದೆ. ಭಟ್ಟಿಯದೂ ಅದೇ ಕಥೆ, ಆದರೆ ಅಪಾಯ ನೂರು ಪಟ್ಟು.

ಹೊಸ ಇಟ್ಟಿಗೆ, ಗಾರೆಯೊಳಗೆ ನೀರಿನ ಅಂಶ ಇರುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ನಿಧಾನವಾಗಿ ಕಾಯಿಸಿದರೆ ಆ ಆವಿ ಸೂಕ್ಷ್ಮ ರಂಧ್ರಗಳಿಂದ ಹೊರಹೋಗುತ್ತದೆ. ಅವಸರದಿಂದ ಕಾಯಿಸಿದರೆ ಒಳಗೇ ಸಿಕ್ಕಿಬಿದ್ದು ಗಾರೆಯನ್ನು ಸಿಡಿಸುತ್ತದೆ. ಚೂರುಗಳು ಗುಂಡಿನಂತೆ ಹಾರುತ್ತವೆ.

ಆದ್ದರಿಂದ ಇಟ್ಟಿಗೆ, ಗಾರೆ ತಯಾರಿಸಿದವರು ಗಂಟೆಗೆ ಎಷ್ಟು ಡಿಗ್ರಿ ಏರಿಸಬೇಕು, ಎಲ್ಲೆಲ್ಲಿ ತಡೆದು ನಿಲ್ಲಿಸಬೇಕು ಎಂಬ ವೇಳಾಪಟ್ಟಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಮೊದಲು 110ರಿಂದ 150 ಡಿಗ್ರಿಗೆ ತಂದು ಹಲವು ಗಂಟೆ ಅಲ್ಲೇ ನಿಲ್ಲಿಸುತ್ತಾರೆ. ಇಲ್ಲಿ ಸಡಿಲವಾಗಿರುವ ನೀರು ಹೋಗುತ್ತದೆ. ಗಾರೆಯಲ್ಲಿ ರಾಸಾಯನಿಕವಾಗಿ ಬೆಸೆದುಕೊಂಡ ನೀರು ಇನ್ನೂ ಮೇಲಿನ ಶಾಖದಲ್ಲಿ ಬಿಡುಗಡೆಯಾಗುತ್ತದೆ. ಅದಕ್ಕಾಗಿ 300ರ ಆಚೆ ಒಮ್ಮೆ, 550ರ ಆಸುಪಾಸಿನಲ್ಲಿ ಇನ್ನೊಮ್ಮೆ ತಡೆಯುವುದುಂಟು. ನಡುವೆ ಗಂಟೆಗೆ 25ರಿಂದ 50 ಡಿಗ್ರಿಯಂತೆ ಏರಿಸುವುದು ವಾಡಿಕೆ. ಒಮ್ಮೆ ಹದವಾಗಿದ್ದ ಭಟ್ಟಿಗೆ ಒಂದು ದಿನ ಸಾಕಾದರೆ, ಹೊಸ ಗಾರೆಯದಕ್ಕೆ ಹಲವು ದಿನ ಬೇಕಾಗಬಹುದು. ಪ್ರತಿ ಭಟ್ಟಿಗೂ ಅದರದೇ ಲೆಕ್ಕ. ಪಕ್ಕದ ಕಾರ್ಖಾನೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಎರಡು ಮಾತು ನೆನಪಿಡಬೇಕು. ಕವಚದಿಂದ ಆವಿ ಬರುವುದು ಕಂಡರೆ ಶಾಖ ಏರಿಸದೆ ಅಲ್ಲೇ ತಡೆಯಬೇಕು. ಅಪ್ಪಿತಪ್ಪಿ ಶಾಖ ವೇಳಾಪಟ್ಟಿಗಿಂತ ಮುಂದೆ ಹೋದರೆ ಗಾಬರಿಯಿಂದ ತಣಿಸಬಾರದು, ವೇಳಾಪಟ್ಟಿ ಅಲ್ಲಿಗೆ ಬರುವ ತನಕ ಕಾಯಬೇಕು. ತಿರುಗುವ ಭಟ್ಟಿಯನ್ನಂತೂ ಕಾಯಿಸುವಾಗ ಒಂದೇ ಕಡೆ ನಿಲ್ಲಿಸುವಂತಿಲ್ಲ. ಮೊದಮೊದಲು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಕಾಲು ಸುತ್ತು, ಶಾಖ ಏರಿದಂತೆ ಬೇಗ ಬೇಗ, ಕೊನೆಗೆ ಬಿಡದೆ ತಿರುಗಿಸಬೇಕು. ಮಳೆ ಬಂದರೆ ಕೂಡಲೇ ತಿರುಗಿಸಬೇಕು. ಇಲ್ಲದಿದ್ದರೆ ಕಾದ ಉಕ್ಕಿನ ಕೊಳವೆ ಬಾಗಿಬಿಡುತ್ತದೆ. ವಿದ್ಯುತ್ ಹೋದರೂ ತಿರುಗಿಸಲು ಬೇರೆ ಎಂಜಿನ್ ಸಿದ್ಧವಿರಬೇಕು.

ಮೊದಲು ಗಾಳಿ, ಆಮೇಲೆ ಬೆಂಕಿ

ಅಡುಗೆಮನೆಯಲ್ಲಿ ಗ್ಯಾಸಿನ ಗುಂಡಿ ತಿರುಗಿಸಿ, ಲೈಟರ್ ಹುಡುಕುವಷ್ಟರಲ್ಲಿ ತಡವಾಗಿ, ಹಚ್ಚಿದಾಗ ‘ಭಗ್’ ಎಂದ ಅನುಭವ ಅನೇಕ ಗೃಹಿಣಿಯರಿಗೆ ಇದ್ದೀತು. ಕೆಲವೇ ಸೆಕೆಂಡುಗಳ ಅನಿಲಕ್ಕೆ ಅಷ್ಟು ಶಕ್ತಿ. ಮನೆಯಷ್ಟು ದೊಡ್ಡದಾದ ಭಟ್ಟಿಯೊಳಗೆ ಅದೇ ಆದರೆ? ಅಡುಗೆ ಅನಿಲ ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟಿಸಬಲ್ಲದು. ನೈಸರ್ಗಿಕ ಅನಿಲಕ್ಕೆ ಶೇಕಡಾ 5 ಸಾಕು.

ಆದ್ದರಿಂದ ಅನಿಲ ಅಥವಾ ಎಣ್ಣೆಯಿಂದ ಉರಿಯುವ ಭಟ್ಟಿಗೆ ಬೆಂಕಿ ಹಚ್ಚುವ ಮೊದಲು ಫ್ಯಾನು ಹಾಕಿ ಒಳಗಿನ ಗಾಳಿಯನ್ನೆಲ್ಲ ಹೊರದಬ್ಬಬೇಕು. ಭಟ್ಟಿಯ ಒಳಗಾತ್ರದ ಕನಿಷ್ಠ ನಾಲ್ಕು ಪಟ್ಟು ಹೊಸ ಗಾಳಿ ಹಾಯಬೇಕೆಂಬುದು ಕೈಗಾರಿಕಾ ಕುಲುಮೆಗಳಲ್ಲಿ ಪಾಲಿಸುವ ನಿಯಮ. ಆಮೇಲೆ ಸಣ್ಣ ಜ್ವಾಲೆ, ಅದು ನಿಂತ ಮೇಲೆ ದೊಡ್ಡ ಜ್ವಾಲೆ. ಕೆಲವೇ ಸೆಕೆಂಡುಗಳಲ್ಲಿ ಹತ್ತದಿದ್ದರೆ ಅನಿಲ ನಿಲ್ಲಿಸಿ, ಮತ್ತೆ ಮೊದಲಿನಿಂದ ಗಾಳಿ ಹಾಯಿಸಬೇಕು. ‘ಇಟ್ಟಿಗೆ ಇನ್ನೂ ಬಿಸಿಯಿದೆ, ಅದಕ್ಕೇ ಹತ್ತಿಕೊಳ್ಳುತ್ತದೆ ಬಿಡಿ’ ಎಂದು ಅನಿಲ ಬಿಡುವುದು ಸಾವಿಗೆ ಕರೆ ಕಳಿಸಿದಂತೆ. ಜ್ವಾಲೆ ಆರಿದರೆ ತಾನಾಗಿ ಅನಿಲ ನಿಲ್ಲಿಸುವ ಸಾಧನ ಇರುತ್ತದೆ. ಪದೇ ಪದೇ ನಿಲ್ಲಿಸುತ್ತದೆ ಎಂಬ ಬೇಸರಕ್ಕೆ ಅದಕ್ಕೆ ತಂತಿ ಕಟ್ಟಿ ಕೆಲಸ ಕೆಡಿಸುವವರಿದ್ದಾರೆ. ಅಂಥ ಜಾಣತನ ಯಾರಿಗೂ ಬೇಡ.

ಹಚ್ಚುವ ಮುನ್ನ ಒಳಗೆ ಯಾರೂ ಉಳಿದಿಲ್ಲವೆಂದು ತಲೆ ಎಣಿಸಿ ನೋಡಬೇಕು. ಹಚ್ಚುವಾಗ ಬರ್ನರ್ ಎದುರಿಗೆ, ನೋಡುವ ಕಿಂಡಿಯ ಎದುರಿಗೆ ಯಾರೂ ನಿಲ್ಲಬಾರದು.

ವಾಸನೆಯಿಲ್ಲದ ವಿಷ

ಈಗ ನನ್ನ ರೋಗಿಗಳ ವಿಷಯಕ್ಕೆ ಬರೋಣ. ಅವರ ಕಾರ್ಖಾನೆಯದು ಕಲ್ಲಿದ್ದಲಿನ ನೇರ ಭಟ್ಟಿ. ಹೊಸದಾಗಿ ಹಚ್ಚಿದಾಗ ಭಟ್ಟಿ ತಣ್ಣಗಿರುತ್ತದೆ, ಹೊಗೆಗೂಡೂ ತಣ್ಣಗಿರುತ್ತದೆ. ಹೊಗೆ ಮೇಲಕ್ಕೆ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಇದ್ದಿಲು ಅರ್ಧಂಬರ್ಧ ಉರಿಯುತ್ತದೆ. ಹೀಗೆ ಅರೆಬರೆ ಉರಿದಾಗ ಹುಟ್ಟುವುದೇ ಇಂಗಾಲದ ಮಾನಾಕ್ಸೈಡ್. ಅದು ಕಲ್ಲು ಹಾಕುವ ಬಾಯಿಯಿಂದ ಮೇಲಿನ ಕಟ್ಟೆಗೆ ಹರಡುತ್ತದೆ. ಕಟ್ಟೆ ಬೆಚ್ಚಗಿರುತ್ತದೆ, ಚಳಿಗೆ ಹಿತವಾಗಿರುತ್ತದೆ. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಮನೆಮಠವಿಲ್ಲದ ಅಲೆಮಾರಿಗಳು ಚಳಿಗೆ ಸುಣ್ಣದ ಗೂಡಿನ ಅಂಚಿನಲ್ಲಿ ಮಲಗಿ ಬೆಳಗಾಗುವುದರೊಳಗೆ ಸತ್ತಿರುತ್ತಿದ್ದರು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಗಂಟಲು ಉರಿಯುವುದೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ತಲುಪಿಸುತ್ತದೆ. ಆದರೆ ಮಾನಾಕ್ಸೈಡ್ ಅದಕ್ಕೆ 200 ಪಟ್ಟಿಗಿಂತಲೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇರೆಯವರು ಹಿಡಿದು ಕುಳಿತಂತೆ, ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ಮಿದುಳು, ಹೃದಯ ಮೊದಲು ಸೊರಗುತ್ತವೆ. ತಲೆನೋವು, ತಲೆಸುತ್ತು, ವಾಂತಿ, ಗೊಂದಲ, ಆಮೇಲೆ ಪ್ರಜ್ಞೆ ತಪ್ಪುವುದು. ಕಾಲು ಬಲ ಕಳೆದುಕೊಳ್ಳುವುದರಿಂದ ಅಪಾಯ ಗೊತ್ತಾದ ಮೇಲೂ ಎದ್ದು ಬರಲಾಗದು.

ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಈ ಅನಿಲವನ್ನು ತಾನೇ ಉಸಿರಾಡಿ ಪರೀಕ್ಷಿಸಿ 1895ರಲ್ಲಿ ವಿವರಗಳನ್ನು ಪ್ರಕಟಿಸಿದ. ಕಲ್ಲಿದ್ದಲು ಗಣಿಗಳ ಸ್ಫೋಟಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಸ್ಫೋಟದಿಂದಲ್ಲ, ನಂತರ ಉಳಿದ ಈ ಅನಿಲದಿಂದ ಸತ್ತರೆಂದು ಮರುವರ್ಷ ತೋರಿಸಿಕೊಟ್ಟ. ಗಣಿಗೆ ಇಲಿ, ಕ್ಯಾನರಿ ಹಕ್ಕಿಗಳನ್ನು ಒಯ್ಯುವ ಸಲಹೆ ಆತನದೇ. ಹಕ್ಕಿ ಮೊದಲು ಬಿದ್ದರೆ ಮನುಷ್ಯ ಓಡಿ ಉಳಿಯಬಹುದು. ಇಂದು ಹಕ್ಕಿ ಬೇಕಿಲ್ಲ. ಅಂಗಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಅನಿಲ ಸೂಚಕ ಇದೆ. ಎಂಟು ಗಂಟೆಯ ಪಾಳಿಗೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ ಮಾನಾಕ್ಸೈಡ್ ಮೀರಬಾರದೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಹೇಳುತ್ತದೆ. 1,200 ಭಾಗ ಮುಟ್ಟಿದರೆ ಪ್ರಾಣಕ್ಕೇ ಅಪಾಯವೆಂದು ಪರಿಗಣಿಸುತ್ತಾರೆ. ಶೇಕಡಾ ಒಂದಕ್ಕಿಂತ ಹೆಚ್ಚಾದರೆ ಕೆಲವೇ ನಿಮಿಷಗಳಲ್ಲಿ ಸಾವು.

2020ರಲ್ಲಿ ಕೋವಿಡ್ ಬಂದ ಮೇಲೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಅನೇಕ ಮನೆಗಳನ್ನು ಸೇರಿದೆ. ಇಲ್ಲೊಂದು ಎಚ್ಚರಿಕೆ. ಸಾಮಾನ್ಯ ಆಕ್ಸಿಮೀಟರ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕವಿರುವ ರಕ್ತವೆಂದೇ ಎಣಿಸುತ್ತದೆ. ನನ್ನ ರೋಗಿಗೆ 98 ತೋರಿಸಿದ್ದು ಅದಕ್ಕೇ. ಆ ಅಂಕಿಯನ್ನು ನಂಬಿ ನಾನು ಮೋಸಹೋದೆ. ನೀವು ಹೋಗಬೇಡಿ.

ಶುದ್ಧ ಗಾಳಿಯಲ್ಲಿ ಈ ವಿಷದ ಪ್ರಮಾಣ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ತಲೆನೋವಿನ ಮಾತ್ರೆಗೆ ಈ ವಿಷವನ್ನು ತೆಗೆಯುವ ಶಕ್ತಿ ಇಲ್ಲ. ಕೆಲವರಿಗೆ ವಾರಗಳ ನಂತರ ಮರೆವು, ನಡಿಗೆಯಲ್ಲಿ ತೊಂದರೆ, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುವುದರಿಂದ ‘ಸರಿಹೋಯಿತು’ ಎಂದು ಸುಮ್ಮನಾಗದೆ ಮತ್ತೆ ತೋರಿಸಿಕೊಳ್ಳಬೇಕು.

ಭಟ್ಟಿಯ ತಳದ ಗುಂಡಿಗಳಲ್ಲಿ ಇನ್ನೊಂದು ಶತ್ರುವಿದೆ. ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಅಲ್ಲಿ ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದು, ಇಬ್ಬರನ್ನು ಉಳಿಸಲು ಮೂರನೆಯವ ಇಳಿದು ಸಾಲಾಗಿ ಸಾಯುವುದುಂಟು. ಉಸಿರಾಟದ ಸಾಧನವಿಲ್ಲದೆ ಯಾರೂ ಇಳಿಯಕೂಡದು. ಕರುಳು ಕಿತ್ತುಬಂದರೂ ಮೊದಲು ಸಹಾಯಕ್ಕೆ ಕೂಗಬೇಕು.

ಕಣ್ಣಿಗೆ ಸುಣ್ಣ ಬಿದ್ದರೆ

ಭಟ್ಟಿ ಕಾಯ್ದು ಸುಣ್ಣ ಹೊರಬರತೊಡಗಿದ ಮೇಲೆ ಇನ್ನೊಂದು ಅಪಾಯ. ಸುಟ್ಟ ಸುಣ್ಣ ನೀರು ಕಂಡರೆ ಕುದಿಯುತ್ತದೆ. ಬೆವರಿದ ಮೈ, ತೇವದ ಕಣ್ಣು ಅದಕ್ಕೆ ಸಾಕು. ಮೈಮೇಲೆ ಒಣ ಸುಣ್ಣ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಬಟ್ಟೆ ಕಳಚಿ, ಆಮೇಲೆ ಧಾರಾಳವಾಗಿ ನೀರು ಸುರಿಯಬೇಕು. ಕಣ್ಣಿಗೆ ಬಿದ್ದರೆ ಕಾಯುವಂತಿಲ್ಲ. ರೆಪ್ಪೆ ಬಿಡಿಸಿ, ಕಾಣುವ ಕಣಗಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯುತ್ತಾ, ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಹರಿಸಬೇಕು. ನಂತರವೇ ಕಣ್ಣಿನ ವೈದ್ಯರ ಬಳಿಗೆ ಪ್ರಯಾಣ. ಎಣ್ಣೆ, ತುಪ್ಪ, ಎದೆಹಾಲು ಯಾವುದನ್ನೂ ಹಾಕಬೇಡಿ. ಎಲೆ ಅಡಿಕೆಯ ಸುಣ್ಣದ ಪೊಟ್ಟಣ, ಡಬ್ಬಿಗಳನ್ನು ಹಿಸುಕಿ ಆಡುವ ಮಕ್ಕಳಿಗೂ ಇದೇ ಗತಿ, ಇದೇ ಚಿಕಿತ್ಸೆ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಮನೆಯವರು ಏನು ಮಾಡಬಹುದು?

ಭಟ್ಟಿ ಕಾಯಿಸುವುದು ಕಾರ್ಖಾನೆಯವರ ಹೊಣೆ, ನಾವೇನು ಮಾಡಲಾದೀತು ಎನ್ನಬೇಡಿ. ನಿಮ್ಮ ಮನೆಯವರು ಇಂಥ ಕಡೆ ದುಡಿಯುತ್ತಿದ್ದರೆ ಈ ಕೆಲವು ಮಾತು ನೆನಪಿನಲ್ಲಿರಲಿ.

* ಭಟ್ಟಿ ಹೊಸದಾಗಿ ಹಚ್ಚಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಆ ದಿನಗಳಲ್ಲಿ ಭಟ್ಟಿಯ ಮೇಲೆ, ಪಕ್ಕದ ಮುಚ್ಚಿದ ಕೋಣೆಯಲ್ಲಿ ಊಟ, ನಿದ್ದೆ, ಹರಟೆ ಬೇಡವೆಂದು ಹೇಳಿ. ಚಳಿಗೆ ಕಂಬಳಿ ಕೊಟ್ಟು ಕಳಿಸಿ.

* ಪಾಳಿಯಿಂದ ಬಂದವರಿಗೆ ತಲೆನೋವು, ವಾಂತಿ, ಮಂಕು ಇದ್ದರೆ, ಅದರಲ್ಲೂ ಜೊತೆಗಾರರಿಗೂ ಹಾಗೇ ಆಗಿದ್ದರೆ, ಅನಿಲದ ವಿಷವೆಂದೇ ತಿಳಿದು ಆಸ್ಪತ್ರೆಗೆ ಕರೆದೊಯ್ಯಿರಿ. ‘ಭಟ್ಟಿಯ ಹತ್ತಿರ ಇದ್ದರು’ ಎಂಬ ಮಾತನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ.

* ಭಟ್ಟಿಯ ಬಿಸಿಯಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಲಿ. ಮೈ ಸುಡುತ್ತಾ ಅಸಂಬದ್ಧ ಮಾತನಾಡತೊಡಗಿದರೆ ಅದು ಶಾಖಾಘಾತ. ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು.

* ಹಳೆಯ ಇಟ್ಟಿಗೆ ಒಡೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಮುಖಕ್ಕೆ ಸುತ್ತಿದ ಟವೆಲ್ಲು ಅದನ್ನು ತಡೆಯದು. ಸರಿಯಾದ ಧೂಳಿನ ಮಾಸ್ಕು ಕೇಳಿ ಪಡೆಯಲಿ.

ಕಾರ್ಖಾನೆಗೆ ಸಂಬಂಧವೇ ಇಲ್ಲದ ಮನೆಗಳಿಗೂ ಒಂದು ಮಾತು. ಇದೇ ಮಾನಾಕ್ಸೈಡ್ ಕಿಟಕಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದಲೂ, ಚಳಿಗೆ ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಅಗ್ಗಿಷ್ಟಿಕೆಯಿಂದಲೂ ಹೊರಬರುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವಲ್ಲಿ ಇಡಿಸಿ. ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬೇಡಿ, ಬಾಣಂತಿಯ ಕೋಣೆಯಲ್ಲಂತೂ ಬೇಡವೇ ಬೇಡ.

‘ನಿಧಾನವೇ ಪ್ರಧಾನ’ ಎಂಬ ಗಾದೆ ಭಟ್ಟಿಗೆ ಹೊಂದುವಷ್ಟು ಬೇರೆಲ್ಲೂ ಹೊಂದಲಾರದು. ಭಟ್ಟಿ ಒಂದು ದಿನ ತಡವಾಗಿ ಕಾಯ್ದರೆ ಆಗುವ ನಷ್ಟವನ್ನು ಮುಂದಿನ ತಿಂಗಳು ತುಂಬಿಕೊಳ್ಳಬಹುದು. ಹೋದ ಪ್ರಾಣವನ್ನು ಯಾವ ತಿಂಗಳೂ ತುಂಬಿಕೊಡದು.

ನನ್ನ ಆ ಮೊದಲ ರೋಗಿ ಈಗಲೂ ಅದೇ ಕಾರ್ಖಾನೆಯಲ್ಲಿದ್ದಾನೆ. ಮೇಲಿನ ಕಟ್ಟೆಗೆ ಈಗ ಸರಪಳಿ ಹಾಕಿದ್ದಾರೆ, ಅನಿಲ ಸೂಚಕ ಇಲ್ಲದೆ ಯಾರನ್ನೂ ಹತ್ತಗೊಡುವುದಿಲ್ಲ ಎಂದು ಹೇಳಿದ. ವರ್ಷಕ್ಕೊಮ್ಮೆ ಮಗಳ ಕೆಮ್ಮಿಗೋ ಹೆಂಡತಿಯ ಮೊಣಕಾಲು ನೋವಿಗೋ ನನ್ನಲ್ಲಿಗೆ ಬರುತ್ತಾನೆ. ಬಂದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: “ಭಟ್ಟಿ ಯಾವಾಗ ಹಚ್ಚಿದ್ರಿ?”